ಟೇಪು ಸುತ್ತಿಟ್ಟ ಹುಡುಗ

ಸೋಮವಾರದಿಂದ ಅದೇ ಕಣ್ಣ ಮುಂದೆ ಬರುತ್ತಿದೆ. ಜಿಮ್ಮಿನ ಕನ್ನಡಿ ಎದುರು ಆ ಹುಡುಗ ಟೇಪು ಹಿಡಿದು ತೋಳು ಅಳೆಯುತ್ತಿದ್ದ. 11 ಇಂಚು. ಹಿಂದಿನಿಂದ ಬಂದ ಟ್ರೈನರ್ ಅವನ ಮಣಿಕಟ್ಟನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿ, ಎಲ್ಲರಿಗೂ ಕೇಳುವ ಹಾಗೆ, "ನೀನು ಎಕ್ಟೋಮಾರ್ಫ್ ಕಣೋ. ಮೂಳೆನೇ ಸಣ್ಣ. ಎಷ್ಟು ಎತ್ತಿದ್ರೂ ಇಷ್ಟೇ" ಅಂದ. ಹುಡುಗ ಮಾತಾಡಲಿಲ್ಲ. ಟೇಪನ್ನು ನಿಧಾನವಾಗಿ, ಒಂದು ಸುತ್ತೂ ಸಡಿಲವಾಗದಂತೆ ಸುತ್ತಿ ಜೇಬಿಗೆ ಹಾಕಿಕೊಂಡ.

ಟ್ರೈನರ್ ಕೆಟ್ಟವನಲ್ಲ. ಯಾರದಾದರೂ ಬೆನ್ನು ಬಾಗಿದರೆ ಓಡಿ ಬರುತ್ತಾನೆ. ಆದರೆ ಅವನ ಮೈ ಬೇಗ ತುಂಬಿಕೊಂಡಿದ್ದು. ತುಂಬದವರ ಕಷ್ಟ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಒಂದು ಹೆಸರಿಟ್ಟು ಮುಂದೆ ಹೋಗುತ್ತಾನೆ.

ಎಕ್ಟೋಮಾರ್ಫ್ ಅನ್ನೋ ಆ ಹೆಸರನ್ನು 1940ರಲ್ಲಿ ಬಳಕೆಗೆ ತಂದವನು ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. ಕಾಲೇಜು ಹುಡುಗರ ಫೋಟೋ ನೋಡಿ ಮೈಕಟ್ಟು ಅಳೆದ. ದುಂಡು ಮೈ, ಗಟ್ಟಿ ಮೈ, ಸಣಕಲು ಮೈ (ಇದೇ ಎಕ್ಟೋಮಾರ್ಫ್) ಅಂತ ಮೂರು ಬಗೆ ಮಾಡಿದ. ಮೈಕಟ್ಟು ನೋಡಿ ಸ್ವಭಾವ ಹೇಳಬಹುದು ಅಂತಲೂ ವಾದಿಸಿದ. ಆ ವಾದ ಉಳಿಯಲಿಲ್ಲ. ಅವನು ಕೂಡ ಪ್ರತಿಯೊಬ್ಬರಿಗೂ ಮೂರು ಬಗೆಗೂ 1ರಿಂದ 7ರವರೆಗೆ ಅಂಕ ಕೊಡುತ್ತಿದ್ದ. ನೀನು ಇದು, ನೀನು ಅದು ಅಂತ ಒಂದೇ ಮಾತಲ್ಲಿ ಮುಗಿಸಿರಲಿಲ್ಲ.

ಹುಟ್ಟಿನಿಂದ ಬಂದ ವ್ಯತ್ಯಾಸ ಸುಳ್ಳು ಅಂತ ನಾನು ಹೇಳುತ್ತಿಲ್ಲ. ದಪ್ಪ ಮೂಳೆಯವರು ಸಾಮಾನ್ಯವಾಗಿ ಜಾಸ್ತಿ ಸ್ನಾಯು ಹೊರುತ್ತಾರೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 585 ಜನ 12 ವಾರ ಒಂದು ತೋಳಿಗೆ ಮಾತ್ರ, ಎಲ್ಲರೂ ಒಂದೇ ಬಗೆಯ ಕಸರತ್ತು ಮಾಡಿದರು. ಕೆಲವರ ಸ್ನಾಯು ಒಂದಿಷ್ಟೂ ಬೆಳೆಯಲಿಲ್ಲ, ಒಬ್ಬರದು ಶೇ. 59ರಷ್ಟು ಬೆಳೆಯಿತು. ಇಷ್ಟು ಅಂತರ ಇರುವಾಗ ಪಕ್ಕದವನ ತೋಳು ನಿನಗೆ ಅಳತೆಗೋಲು ಆಗೋದು ಹೇಗೆ? ಬರೀ ಮಣಿಕಟ್ಟು ಹಿಡಿದು ನೋಡಿ ನೀನು ಇಷ್ಟೇ ಅನ್ನೋದಾದರೂ ಹೇಗೆ?

ಬುಧವಾರ ಆ ಹುಡುಗನ ಪಕ್ಕ ಹೋಗಿ ನನ್ನ ಕೈ ಮಡಚಿ ತೋರಿಸಿದೆ. ಮೊಣಕೈ ಮಡಿಕೆಗೂ ತೋಳಿನ ಉಬ್ಬಿಗೂ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ. ಅವನದೂ ಹಾಗೇ ಇತ್ತು.

"ಇದು ತುಂಬೋದೇ ಇಲ್ವಾ ಅಣ್ಣಾ?"

"ಇಲ್ಲ. ಅಲ್ಲಿರೋದು ಸ್ನಾಯು ಅಲ್ಲ, ಮೂಳೆಗೆ ಅಂಟಿಕೊಳ್ಳೋ ದಾರ. ಅದರ ಮೇಲಿನದು ಬೆಳೆಯುತ್ತೆ. ಬೆಂಚ್‌ನಲ್ಲಿ ಮಲಗಿ ಎಷ್ಟು ಎತ್ತುತ್ತೀಯಾ?"

"ಬಂದಾಗ ಖಾಲಿ ರಾಡು, 20 ಕೆಜಿ. ಈಗ 45."

ಈ ಲೆಕ್ಕವನ್ನು ಸೋಮವಾರ ಯಾರೂ ಅವನನ್ನು ಕೇಳಿರಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು; ನಾನೂ ಅಲ್ಲೇ ನಿಂತಿದ್ದೆ ಅಲ್ವಾ?

ಅವನು ಸ್ವಲ್ಪ ಹೊತ್ತು ರಾಡನ್ನೇ ನೋಡಿದ. ಆಮೇಲೆ ಹೋಗಿ ಎರಡೂವರೆ ಕೆಜಿಯ ಎರಡು ಪ್ಲೇಟು ತಂದು ಹಾಕಿದ. "ಅಣ್ಣಾ, ಹಿಂದೆ ನಿಂತ್ಕೋತೀರಾ?" ಅಂದ.