ಹಡಗಿನ ಚಾಪ್ಲಿನ್ ಆಗಹೊರಟವರಿಗೆ: ಕಾಗದ, ಕಿವಿ, ಬಾಯಿ

ಅಮೆರಿಕದ ನೌಕಾಪಡೆಯಲ್ಲಿ ಚಾಪ್ಲಿನ್, ಅಂದರೆ ಪಡೆಯ ಅಧಿಕಾರಿಯೂ ಆಗಿರುವ ಧರ್ಮಗುರು, ಆಗಬೇಕು ಅನ್ನುವವರು ಮೊದಲು ಕೈಗೆತ್ತಿಕೊಳ್ಳಬೇಕಾದ ಕಾಗದ ಡಿಡಿ 2088. ಅದನ್ನು ಕೊಡುವುದು ನೌಕಾಪಡೆಯಲ್ಲ, ನಿಮ್ಮದೇ ಧರ್ಮಸಂಸ್ಥೆ. ಇವರು ನಮ್ಮ ಪರವಾಗಿ ಧರ್ಮಕಾರ್ಯ ನಡೆಸಲು ಯೋಗ್ಯರು, ಬೇರೆ ನಂಬಿಕೆಯವರ ನಡುವೆಯೂ ಕೆಲಸ ಮಾಡಬಲ್ಲರು ಎಂದು ರಕ್ಷಣಾ ಇಲಾಖೆಯ ಪಟ್ಟಿಯಲ್ಲಿರುವ ಸಂಸ್ಥೆಯೊಂದು ಬರೆದುಕೊಡಬೇಕು. ಪಾದ್ರಿ, ರಬ್ಬಿ, ಇಮಾಮ್, ಬೌದ್ಧ ಗುರು, ಯಾರಿಗಾದರೂ ಇದೇ ದಾರಿ. ಹಿಂದೂಗಳಿಗೆ ಚಿನ್ಮಯ ಮಿಷನ್ ವೆಸ್ಟ್ ಅಂಥ ಅನುಮೋದನೆ ಕೊಡುವ ಸಂಸ್ಥೆ.

ಈ ಅನುಮೋದನೆ ಸೇರುವಾಗ ತೋರಿಸಿ ಮರೆತುಬಿಡುವ ಸರ್ಟಿಫಿಕೇಟ್ ಅಂದುಕೊಂಡವರು ಮುಂದೆ ಕಷ್ಟಕ್ಕೆ ಬೀಳುತ್ತಾರೆ. ಸೇವೆಯಲ್ಲಿ ಇರುವಷ್ಟು ದಿನವೂ ಅದು ಜೀವಂತವಾಗಿರಬೇಕು. ಸಂಸ್ಥೆ ಹಿಂತೆಗೆದುಕೊಂಡರೆ, ಬೇರೊಂದು ಸಂಸ್ಥೆಯ ಅನುಮೋದನೆ ಸಿಗದೆ ಹೋದರೆ, ಹುದ್ದೆಯೂ ಹೋದ ಹಾಗೆಯೇ. ಚಾಪ್ಲಿನ್‌ಗೆ ಕೊನೆಯವರೆಗೂ ಇಬ್ಬರು ಯಜಮಾನರು.

ಓದಿನ ಲೆಕ್ಕದಲ್ಲೂ ಜನ ಎಡವುತ್ತಾರೆ. ಪದವಿಯಲ್ಲಿ 120 ಸೆಮಿಸ್ಟರ್ ಗಂಟೆ (ಅಮೆರಿಕದ ಕಾಲೇಜುಗಳು ಓದನ್ನು ಅಳೆಯುವ ಕ್ರೆಡಿಟ್ ಲೆಕ್ಕ), ಅದರ ಮೇಲೆ ಸ್ನಾತಕೋತ್ತರದಲ್ಲಿ 72 ಗಂಟೆ ಬೇಕು. ಆ 72ರಲ್ಲಿ ಕನಿಷ್ಠ 36 ಗಂಟೆ ಧರ್ಮ, ದೇವತಾಶಾಸ್ತ್ರ, ನೀತಿಶಾಸ್ತ್ರ ಅಥವಾ ತಮ್ಮ ಪರಂಪರೆಯ ಮೂಲಗ್ರಂಥಗಳದ್ದಾಗಿರಬೇಕು. ಎಂಎ ಇದ್ದರೆ ಸಾಕು ಅಂದುಕೊಂಡು ಬರುವವರ ಅಂಕಪಟ್ಟಿ ಕೂಡಿದಾಗ 72 ಮುಟ್ಟದೆ ಇರುವುದುಂಟು. ಉಳಿದ ಗಂಟೆ ಓದಿ ತುಂಬಬೇಕಾಗುತ್ತದೆ. ಪೂರ್ಣಾವಧಿ ಹುದ್ದೆಗೆ 2 ವರ್ಷದ ಧಾರ್ಮಿಕ ಸೇವೆಯ ಅನುಭವವನ್ನೂ ಕೇಳುತ್ತಾರೆ. ಇನ್ನೂ ಓದುತ್ತಿರುವವರಿಗೆ ಚಾಪ್ಲಿನ್ ಕ್ಯಾಂಡಿಡೇಟ್ ಎಂಬ ದಾರಿ ಇದೆ, ಎನ್‌ಸೈನ್ ಎಂಬ ಕಿರಿಯ ಅಧಿಕಾರಿ ದರ್ಜೆಯಲ್ಲಿ. ಆಮೇಲೆ ರೋಡ್ ಐಲ್ಯಾಂಡ್‌ನ ನ್ಯೂಪೋರ್ಟ್‌ನಲ್ಲಿ 5 ವಾರ ಅಧಿಕಾರಿ ತರಬೇತಿ, ಅಲ್ಲೇ ಚಾಪ್ಲಿನ್ ಶಾಲೆ.

ಸಮವಸ್ತ್ರ, ದರ್ಜೆ ಎಲ್ಲ ಇದ್ದರೂ ಆಯುಧ ಹಿಡಿಯುವಂತಿಲ್ಲ. ಜಿನೀವಾ ಒಪ್ಪಂದದ ಪ್ರಕಾರ ಚಾಪ್ಲಿನ್ ಯೋಧರ ಲೆಕ್ಕಕ್ಕೆ ಬರುವುದಿಲ್ಲ, ಶತ್ರುವಿನ ಕೈಗೆ ಸಿಕ್ಕರೂ ಯುದ್ಧಕೈದಿ ಎನಿಸುವುದಿಲ್ಲ. ರಕ್ಷಣೆಗೆ ಆಯುಧ ಹಿಡಿಯುವವರು ಜೊತೆಗಿರುವ ಸಹಾಯಕರು. ಆರ್‌ಪಿ (ರಿಲಿಜಿಯಸ್ ಪ್ರೋಗ್ರಾಂ ಸ್ಪೆಷಲಿಸ್ಟ್) ಎನ್ನುವ ಈ ನಾವಿಕರ ವರ್ಗ ಶುರುವಾದದ್ದು 1979ರಲ್ಲಿ. ಪೂಜೆಯ ಜಾಗ, ಸಾಮಾನು, ವೇಳಾಪಟ್ಟಿ ಅವರ ಕೈಯಲ್ಲಿ. ಆಪ್ತಸಲಹೆ ಅವರ ಕೆಲಸವಲ್ಲ, ಆದರೆ ಕಿವಿಗೆ ಬಿದ್ದ ಗುಟ್ಟನ್ನು ಕಾಯುವ ಹೊಣೆ ಅವರಿಗೂ ಇದೆ.

ಹಡಗಿನಲ್ಲಿ ವೈದ್ಯರಿಗೆ, ಸಲಹೆಗಾರರಿಗೆ ಕೆಲವು ಸಂಗತಿ ತಿಳಿದರೆ ಮೇಲಕ್ಕೆ ತಿಳಿಸಲೇಬೇಕೆಂಬ ನಿಯಮವಿದೆ. ಚಾಪ್ಲಿನ್ ಬಳಿ ಗುಟ್ಟಾಗಿ ಹೇಳಿದ್ದು ಹೇಳಿದವರ ಒಪ್ಪಿಗೆ ಇಲ್ಲದೆ ಹೊರಗೆ ಬರುವಂತಿಲ್ಲ, ಕ್ಯಾಪ್ಟನ್ ಕೇಳಿದರೂ ಅಷ್ಟೆ. ಬಾಯಿ ಕಟ್ಟಿಕೊಂಡರೆ ಆಯಿತು, ಸುಲಭ ಅನ್ನಿಸಬಹುದು. ಜೀವ ಕಳೆದುಕೊಳ್ಳುತ್ತೇನೆ ಎಂದು ಒಬ್ಬ ನಾವಿಕ ಎದುರು ಕೂತು ಹೇಳಿದಾಗ ಇದರ ಭಾರ ತಿಳಿಯುತ್ತದೆ. ಆಗ ಮಾಡುವುದು ಇಷ್ಟು: ಅವರನ್ನು ಒಂಟಿಯಾಗಿ ಬಿಡಬಾರದು, ಯಾರಿಗೆ, ಎಷ್ಟನ್ನು ಹೇಳಬಹುದು ಎಂದು ನೇರವಾಗಿ ಕೇಳಿ ಒಪ್ಪಿಗೆ ಪಡೆಯಬೇಕು, ವೈದ್ಯರ ಹತ್ತಿರ ಹೋಗಿ ಎಂದು ಕಳಿಸುವ ಬದಲು ಜೊತೆಗೇ ಎದ್ದು ನಡೆಯಬೇಕು. ಬಾಗಿಲ ತನಕ ಜೊತೆ ಬಂದರೆ, ಒಳಗೆ ಹೋಗಿ ತಮ್ಮ ಬಾಯಿಂದಲೇ ಹೇಳಲು ಬಹಳ ಜನ ಒಪ್ಪುತ್ತಾರೆ.

ಗುಟ್ಟು ಸೋರುವುದು ಸಾಮಾನ್ಯವಾಗಿ ದ್ರೋಹದಿಂದಲ್ಲ, ಅಜಾಗರೂಕತೆಯಿಂದ. ಹಂಚಿಕೊಂಡ ಕಂಪ್ಯೂಟರ್ ಕ್ಯಾಲೆಂಡರಿನಲ್ಲಿ ಹೆಸರು ಬರೆದಿಡುವುದು. ಮೆಸ್‌ನಲ್ಲಿ ಎಲ್ಲರೆದುರು ಈಗ ಹೇಗಿದ್ದೀರಿ ಎಂದು ಒಬ್ಬರ ಹೆಗಲು ತಟ್ಟುವುದು. ಸಿಬ್ಬಂದಿ ಹೇಗಿದ್ದಾರೆ ಎಂದು ಕ್ಯಾಪ್ಟನ್ ಕೇಳಿದಾಗ ಉತ್ತರ ಕೊಡಲೇಬೇಕು, ಸಲಹೆ ಕೊಡುವುದೂ ಹುದ್ದೆಯ ಭಾಗವೇ. ಆದರೆ ಹೇಳಬೇಕಾದ್ದು ಹಡಗಿನ ಒಟ್ಟಾರೆ ಗಾಳಿ ಎತ್ತ ಬೀಸುತ್ತಿದೆ ಎಂಬುದನ್ನು ಮಾತ್ರ. ನಿದ್ದೆ ಸಾಲದೆ ಜನ ಸಿಡುಕುತ್ತಿದ್ದಾರೆ ಅನ್ನಬಹುದು. ಆರೇ ಜನರಿರುವ ವಿಭಾಗದ ಹೆಸರು ಎತ್ತಿದಿರೋ, ಯಾರು ಬಾಯಿಬಿಟ್ಟರೆಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತು.

ಮನೆಯಲ್ಲಿ ಸಾವಾದರೆ ಕುಟುಂಬದವರು ರೆಡ್ ಕ್ರಾಸ್‌ಗೆ ತಿಳಿಸುತ್ತಾರೆ. ಅವರು ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಂಡು ಹಡಗಿಗೆ ಸಂದೇಶ ಕಳಿಸುತ್ತಾರೆ. ಅದನ್ನು ಮುಟ್ಟಿಸುವುದು ಹೆಚ್ಚಾಗಿ ಚಾಪ್ಲಿನ್ ಪಾಲಿಗೆ. ಮೊದಲು ಪೂರ್ತಿ ಹೆಸರು ಎರಡು ಸಲ ಹೊಂದಿಸಿ ನೋಡಬೇಕು. ಒಂದೇ ಅಡ್ಡಹೆಸರಿನವರು ಹಡಗಿನಲ್ಲಿ ಇಬ್ಬರು ಮೂವರು ಇರುತ್ತಾರೆ. ಆ ನಾವಿಕ ಕಾವಲು ಪಾಳಿಯಲ್ಲಿದ್ದರೆ ಬದಲಿ ವ್ಯವಸ್ಥೆ ಮಾಡಿದ ಮೇಲೇ ಕರೆಯಬೇಕು. ಧ್ವನಿವರ್ಧಕದಲ್ಲಿ ಮಾತ್ರ ಹೆಸರು ಕೂಗಿಸಬೇಡಿ, ಕಚೇರಿಗೆ ಬರುವಷ್ಟರಲ್ಲಿ ದಾರಿಯಲ್ಲಿ ನಿಂತವರ ಮುಖಗಳೇ ಸುದ್ದಿ ಹೇಳಿಬಿಡುತ್ತವೆ. ಬಾಗಿಲು ಹಾಕಿ, ಕೂರಿಸಿ, ಮೊದಲ ವಾಕ್ಯದಲ್ಲೇ ತೀರಿಕೊಂಡರು ಅನ್ನಿ. ಸುತ್ತುಬಳಸಿ ಹೇಳಿದರೆ ಇನ್ನೂ ಬದುಕಿದ್ದಾರೇನೋ ಎಂಬ ಆಸೆ ಹುಟ್ಟುತ್ತದೆ. ರಜೆ ಸಿಗುತ್ತದೆ ಎಂದು ಮಾತು ಕೊಡಬೇಡಿ, ಅದನ್ನು ತೀರ್ಮಾನಿಸುವವರು ಕ್ಯಾಪ್ಟನ್.

ಇದಕ್ಕೆಂದೇ ಬೇರೆ ದಿನಗಳಲ್ಲಿ ಸುಮ್ಮನೆ ಓಡಾಡುತ್ತಿರಬೇಕು. ಸುದ್ದಿ ಇದ್ದಾಗ ಮಾತ್ರ ಕೆಳಗಿಳಿಯುವ ಚಾಪ್ಲಿನ್ ಕಂಡರೆ ಎಲ್ಲರ ಎದೆಯೂ ಧಸಕ್ ಅನ್ನುತ್ತದೆ. ಎಂಜಿನ್ ಕೋಣೆಯ ಗದ್ದಲದಲ್ಲಿ ಮಾತು ಕೇಳಿಸದು, ಪಾಳಿ ಬದಲಾಗುವ ಹೊತ್ತಿಗೆ ಹೊರಗೆ ಸಿಗಬೇಕು. ರಾತ್ರಿ ಪಾಳಿಯವರಿಗೆ ನಡುರಾತ್ರಿ ಬಡಿಸುವ ಊಟದ ಸಾಲು ಇನ್ನೂ ಒಳ್ಳೆಯ ಜಾಗ. ತಟ್ಟೆ ಹಿಡಿದು ಪಕ್ಕದಲ್ಲಿ ಕೂತರೆ ಸಾಕು, ಕಚೇರಿಯ ಕುರ್ಚಿಯಲ್ಲಿ ಬಾರದ ಮಾತು ಅಲ್ಲಿ ಬರುತ್ತದೆ.

ಆರಾಧನೆಗೆ ಜಾಗ ಹೊಂದಿಸುವುದು ಪ್ರತಿವಾರದ ಗುದ್ದಾಟ. ವಿಮಾನವಾಹಕದಲ್ಲಿ ಮುಂಭಾಗದ ಲಂಗರು ಸರಪಳಿಗಳ ನಡುವೆ ಕುರ್ಚಿ ಹಾಕುತ್ತಾರೆ. ಹಡಗು ಹೊಯ್ದಾಡುವುದರಿಂದ ಆರಾಧನೆಯ ದ್ರಾಕ್ಷಾರಸದ ಬಟ್ಟಲನ್ನು ತುಂಬಾ ತುಂಬಿಸಬಾರದು; ಬೆಂಕಿಯ ಭಯಕ್ಕೆ ಬ್ಯಾಟರಿ ಮೇಣದಬತ್ತಿ. 1914ರಿಂದ ಅಮೆರಿಕದ ಯುದ್ಧನೌಕೆಗಳಲ್ಲಿ ಮದ್ಯ ನಿಷಿದ್ಧ, ಆದರೂ ಆರಾಧನೆಯ ದ್ರಾಕ್ಷಾರಸಕ್ಕೆ ಅವಕಾಶ ಉಂಟು. ಬೀಗ ಹಾಕಿ ಇಡಿ. ಸಮುದ್ರದಲ್ಲಿ ಆರಾಧನೆ ನಡೆಯುವಾಗ ರಾಷ್ಟ್ರಧ್ವಜಕ್ಕಿಂತ ಮೇಲೆ ಚರ್ಚ್ ಪತಾಕೆ ಹಾರಿಸಲು ಕಾನೂನೇ ಒಪ್ಪಿದೆ. ಮುಗಿದ ಕೂಡಲೇ ಇಳಿಸಲು ಸಿಗ್ನಲ್‌ನವರಿಗೆ ಮೊದಲೇ ಸಮಯ ಹೇಳಿಡಬೇಕು.

ತಮ್ಮದಲ್ಲದ ಧರ್ಮದ ವಿಧಿಯನ್ನು ಚಾಪ್ಲಿನ್ ನಡೆಸಬೇಕಿಲ್ಲ, ನಡೆಯಲು ಅನುವು ಮಾಡಿಕೊಡಬೇಕು. ಕ್ಯಾಪ್ಟನ್ ನೇಮಿಸಿದ ನಾವಿಕರೇ ಆಯಾ ಧರ್ಮದ ಲೇ ಲೀಡರ್ ಆಗಿ ಕೂಟ ನಡೆಸುತ್ತಾರೆ. ಸಬ್‌ಮರೀನ್‌ಗಳಲ್ಲಿ ಅವರೇ ಗತಿ. ಚಿಕ್ಕ ಹಡಗುಗಳಿಗೆ ಚಾಪ್ಲಿನ್ ಹೆಲಿಕಾಪ್ಟರ್‌ನಲ್ಲಿ ಹೋಗಿಬರುವುದುಂಟು, ಅದಕ್ಕೆ ಹೋಲಿ ಹೀಲೋ ಎಂದು ಅಡ್ಡಹೆಸರು. ಹವೆ ಕೆಟ್ಟರೆ ಅದೂ ಇಲ್ಲ.

ಕೊನೆಗೆ, ಸಮುದ್ರದಲ್ಲಿ ಅಂತ್ಯಕ್ರಿಯೆ. ಚಿತಾಭಸ್ಮವನ್ನು ದಡದಿಂದ 3 ನಾಟಿಕಲ್ ಮೈಲಿಗಿಂತ ಆಚೆ ಬಿಡಬೇಕು. ಶವಪೆಟ್ಟಿಗೆಯಾದರೆ ನೀರಿನ ಆಳ ಸಾಮಾನ್ಯವಾಗಿ ಕನಿಷ್ಠ 600 ಅಡಿ. ಪೆಟ್ಟಿಗೆಗೆ 2 ಇಂಚಿನ 20 ತೂತು ಕೊರೆಯಲು ಹೇಳುವುದು ಒಳಗಿನ ಗಾಳಿ ಹೊರಬರಲಿ ಎಂದು. ಗಾಳಿ ಉಳಿದರೆ ಪೆಟ್ಟಿಗೆ ಮುಳುಗದೆ ತೇಲುತ್ತದೆ. ತೂಕಕ್ಕೆ ಮರಳು ಅಥವಾ ಕಾಂಕ್ರೀಟ್, ಸೀಸ ಬೇಡ. ಭಸ್ಮವನ್ನು ಗಾಳಿಯ ಮರೆಯ ಬದಿಯಿಂದಲೇ ಬಿಡಬೇಕು, ಇಲ್ಲವಾದರೆ ಸಾಲುಗಟ್ಟಿ ನಿಂತವರ ಸಮವಸ್ತ್ರಕ್ಕೆ ಮರಳಿ ಬರುತ್ತದೆ. ಇದನ್ನು ಮುನ್ನಾದಿನವೇ ಬ್ರಿಜ್‌ನವರ (ಹಡಗು ನಡೆಸುವ ಕೋಣೆಯವರ) ಜೊತೆ ಮಾತಾಡಿ ಹಡಗಿನ ದಿಕ್ಕು ಗೊತ್ತುಮಾಡಿಕೊಳ್ಳಿ. ನೌಕಾಪಡೆಯ ಹಡಗು ಕರ್ತವ್ಯದ ಮೇಲಿರುವುದರಿಂದ ಕುಟುಂಬದವರು ಅಲ್ಲಿರುವುದಿಲ್ಲ. ಅವರಿಗೆ ತಲುಪುವುದು ದಿನಾಂಕ, ಸಮಯ, ಅಕ್ಷಾಂಶ, ರೇಖಾಂಶ ಬರೆದ ಕ್ಯಾಪ್ಟನ್ ಅವರ ಪತ್ರ. ಆ ಅಂಕಿಗಳನ್ನು ಆಮೇಲೆ ನೆನಪಿನಿಂದ ತುಂಬಲು ಹೋಗಬೇಡಿ. ಭಸ್ಮ ನೀರು ಮುಟ್ಟಿದ ಕ್ಷಣಕ್ಕೇ ಆರ್‌ಪಿ ಬ್ರಿಜ್‌ಗೆ ಕೇಳಿ ಬರೆದುಕೊಳ್ಳಲಿ.