"ಅದೇ ಬಣ್ಣ ಇರಲಿ" ಅಂದರೆ ಯಾವ ಬಣ್ಣ?

ಮೈಸೂರಿನ ಒಂದು ಬಾಡಿ ಶಾಪ್‌ನಲ್ಲಿ ನಾನು 17 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಟಿಂಕರಿಂಗ್, ಪೇಂಟಿಂಗ್‌ಗೆ ಬರುವ ಗಾಡಿ ನೋಡಿ ಎಸ್ಟಿಮೇಟ್ ಹಾಕುತ್ತೇನೆ, ಜಾಬ್ ಕಾರ್ಡ್ ಬರೆಯುತ್ತೇನೆ, ಕೆಲಸ ಮುಗಿದ ಮೇಲೆ ಓನರ್ ಕೈಗೆ ಕೀ ಕೊಡುತ್ತೇನೆ. ಆರು ವರ್ಷದ ಹಿಂದೆ ನನ್ನ ಕೈಯಿಂದ ಒಂದು ತಪ್ಪಾಯಿತು. ಅವತ್ತಿನಿಂದ ನಮ್ಮ ಜಾಬ್ ಕಾರ್ಡ್‌ನಲ್ಲಿ ಒಂದು ಸಾಲು ಜಾಸ್ತಿಯಾಗಿದೆ.

ನಂಜನಗೂಡು ಕಡೆಯ ಯಜಮಾನರೊಬ್ಬರು ಪ್ರೀಮಿಯರ್ ಪದ್ಮಿನಿ ತಂದಿದ್ದರು. ನಮ್ಮ ಕಡೆ ಅದಕ್ಕೆ ಈಗಲೂ ಫಿಯೆಟ್ ಅಂತಲೇ ಹೆಸರು. 1979ರ ಗಾಡಿ, ತಿಳಿ ನೀಲಿ ಬಣ್ಣ. ಅವರ ತಂದೆ ಬುಕ್ ಮಾಡಿ, ವರ್ಷಗಟ್ಟಲೆ ಕಾದು ತೆಗೆದುಕೊಂಡಿದ್ದು. ಆ ಕಾಲದಲ್ಲಿ ಕಾರು ಅಂದರೆ ಹಾಗೇ. ದುಡ್ಡಿದ್ದರೂ ಕಾಯಬೇಕಿತ್ತು. ಬಾನೆಟ್ ತುಕ್ಕು ಹಿಡಿದು ತೂತಾಗಿತ್ತು, ಕಾಲಿಡುವ ಫ್ಲೋರ್ ಕೂಡ ಹೋಗಿತ್ತು. ಪೂರ್ತಿ ಪೇಂಟ್ ಆಗಬೇಕು ಅಂದರು. ಬಣ್ಣ ಕೇಳಿದ್ದಕ್ಕೆ ಒಂದೇ ಮಾತು: "ಅದೇ ಬಣ್ಣ ಇರಲಪ್ಪಾ."

ನಾನು ಅದನ್ನೇ ಬರೆದುಕೊಂಡೆ.

ಹಳೆ ಗಾಡಿಗೆ ಬಣ್ಣ ಹೊಂದಿಸುವಾಗ ಹೊರಗಿನ ಬಣ್ಣ ನೋಡಬಾರದು ಅಂತ ನನಗೆ ಕಲಿಸಿದ್ದರು. ಬಿಸಿಲು, ಮಳೆಗೆ ಅದು ಮಾಸಿರುತ್ತದೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಎತ್ತಿದರೆ, ಇಲ್ಲ ಡೋರ್ ಪ್ಯಾಡ್ ಬಿಚ್ಚಿದರೆ, ಕಂಪನಿಯಿಂದ ಬಂದ ಬಣ್ಣ ಹಾಗೇ ಇರುತ್ತದೆ. ನಾವೂ ಹಾಗೇ ಮಾಡಿದೆವು. ಗುಜರಿಯಲ್ಲಿ ಒಂದು ಒಳ್ಳೆಯ ಬಾನೆಟ್ ಸಿಕ್ಕಿತು. ಬೀಡಿಂಗ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂತು. ನಮ್ಮ ಟಿಂಕರ್ ಮೇಸ್ತ್ರಿ, ನಾವೆಲ್ಲ ಚಾಚಾ ಅಂತ ಕರೆಯುವವರು, ಹಿಂದಿನ ರೆಕ್ಕೆಯಂಥ ಅಂಚುಗಳನ್ನು ಕೈಯಲ್ಲೇ ತಟ್ಟಿ ತಟ್ಟಿ ಸರಿ ಮಾಡಿದರು. ಆ ಅಂಚಿಗೆ ತಗ್ಗು ತುಂಬುವ ಪುಟ್ಟಿ ಜಾಸ್ತಿ ಹಚ್ಚಿದರೆ ಗೆರೆ ದಪ್ಪವಾಗಿ ಗಾಡಿಯ ಅಂದವೇ ಹೋಗುತ್ತದೆ. ಚಾಚಾ ಅದಕ್ಕೇ ಮೂರು ದಿನ ತೆಗೆದುಕೊಂಡರು. ಗಾಡಿ ಪೇಂಟ್ ಬೂತ್‌ನಿಂದ ಹೊರಗೆ ಬಂದಾಗ ಶಾಪ್‌ನ ಹುಡುಗರೆಲ್ಲ ನಿಂತು ನೋಡಿದರು.

ಯಜಮಾನರು ಬಂದು ಒಂದು ಸುತ್ತು ಹಾಕಿದರು. ಬಾಗಿಲು ತೆರೆದು ಮುಚ್ಚಿ ನೋಡಿದರು. ಆಮೇಲೆ ನಿಧಾನಕ್ಕೆ ಹೇಳಿದರು: "ಕೆಲಸ ಚೆನ್ನಾಗಿದೆ. ಆದರೆ ಇದು ನಮ್ಮ ಗಾಡಿ ಬಣ್ಣ ಅಲ್ಲ."

ನಾನು ಡಿಕ್ಕಿ ತೆಗೆದು, ಬೀಡಿಂಗ್ ಕೆಳಗೆ ಹಾಗೇ ಬಿಟ್ಟಿದ್ದ ಒಂದು ಬೆರಳಗಲದ ಹಳೆ ಬಣ್ಣ ತೋರಿಸಿದೆ. "ನೋಡಿ ಸರ್, ಇದೇ ಒರಿಜಿನಲ್" ಅಂದೆ. ಅವರು ಬಗ್ಗಿ ನೋಡಿದರು. "ಕಂಪನಿ ಬಣ್ಣ ಇದೇ ಇರಬಹುದಪ್ಪಾ. ನಾವು ದಿನಾ ನೋಡಿದ್ದು ಇದನ್ನಲ್ಲ."

ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಲವತ್ತು ವರ್ಷ ಅವರ ಮನೆ ಮುಂದೆ ನಿಂತಿದ್ದು ಬಿಸಿಲಿಗೆ ಮಾಸಿದ ನೀಲಿ. ಮಕ್ಕಳನ್ನು ಶಾಲೆಗೆ ಬಿಟ್ಟಿದ್ದು, ಮದುವೆಗೆ ಓಡಾಡಿದ್ದು ಅದೇ ಬಣ್ಣದ ಗಾಡಿಯಲ್ಲಿ. ನಾನು ಕೊಟ್ಟಿದ್ದು 1979ರಲ್ಲಿ ಅವರ ತಂದೆ ಶೋರೂಮ್‌ನಲ್ಲಿ ನೋಡಿದ ನೀಲಿ. ಆ ಬಣ್ಣದ ಪರಿಚಯ ಇವರಿಗೆ ಇರಲೇ ಇಲ್ಲ.

ಫಿಯೆಟ್ ಗಾಡಿಯ ಕಥೆಯೇ ಹಾಗಿದೆ. ಇಟಲಿಯ ಫಿಯೆಟ್ 1100ಡಿ ಮಾದರಿಯನ್ನು ಮುಂಬೈನ ಕುರ್ಲಾದಲ್ಲಿ 1960ರ ದಶಕದಿಂದ ಮಾಡುತ್ತಾ ಬಂದರು. 70ರ ದಶಕದಲ್ಲಿ ಪದ್ಮಿನಿ ಅಂತ ಹೆಸರಿಟ್ಟರು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್, ಮುಂಬಾಗಿಲಲ್ಲಿ ಗಾಳಿಗೆ ತಿರುಗಿಸುವ ಸಣ್ಣ ತ್ರಿಕೋನ ಗಾಜು. ತಯಾರಿಕೆ ನಿಲ್ಲುವವರೆಗೂ ಆ ಬಾಡಿಯ ಆಕಾರ ಹೆಚ್ಚು ಬದಲಾಗಲಿಲ್ಲ. ಅಪ್ಪನ ಗಾಡಿಯೂ ಅದೇ ಆಕಾರ, ಮಗನ ಗಾಡಿಯೂ ಅದೇ ಆಕಾರ. ರಸ್ತೆಯಲ್ಲಿ ಎಲ್ಲರದ್ದೂ ಒಂದೇ ಥರ ಇದ್ದಾಗ, ನಮ್ಮದು ಯಾವುದು ಅಂತ ಗುರುತು ಹಿಡಿಯುವುದು ಹೇಗೆ? ಮಾಸಿದ ಬಣ್ಣದಿಂದ, ಕಿರ್ರ್ ಅನ್ನುವ ಆ ತ್ರಿಕೋನ ಗಾಜಿನಿಂದ, ಬೆರಳು ತಾಗಿ ತಾಗಿ ನುಣುಪಾದ ಗೇರ್ ಗುಬಟಿನಿಂದ. ಇದನ್ನೆಲ್ಲ ನಾವು "ಡಿಫೆಕ್ಟ್" ಅಂತ ಕಾರ್ಡ್‌ನಲ್ಲಿ ಬರೆಯುತ್ತಿದ್ದೆವು.

ಮತ್ತೆ ಪೇಂಟ್ ಮಾಡಿಕೊಡುತ್ತೇವೆ ಅಂದೆ. ಖರ್ಚು ನಮ್ಮದೇ. ತೂತಾದ ಹಳೆ ಬಾನೆಟ್ ಇನ್ನೂ ಹಿತ್ತಲಲ್ಲಿ ಬಿದ್ದಿತ್ತು, ಪುಣ್ಯ. ಅದನ್ನೇ ತೊಳೆದು ಮಿಕ್ಸಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆವು. ಒಂದೊಂದು ಮಿಶ್ರಣಕ್ಕೂ ಒಂದು ತಗಡಿನ ತುಂಡಿಗೆ ಬಣ್ಣ ಹೊಡೆದು, ಒಟ್ಟು ಐದು ಸ್ಯಾಂಪಲ್ ಮಾಡಿದೆವು. ಟ್ಯೂಬ್‌ಲೈಟ್ ಕೆಳಗೆ ಎರಡು ಬಣ್ಣ ಒಂದೇ ಥರ ಕಂಡರೂ ಬಿಸಿಲಿಗೆ ಹಿಡಿದಾಗ ಬೇರೆ ಬೇರೆ ಆಗಿಬಿಡುತ್ತವೆ. ಅದಕ್ಕೇ ಅಂಗಳದಲ್ಲಿ ಸಾಲಾಗಿ ಇಟ್ಟೆವು. ಯಜಮಾನರು ಈ ಸಲ ತಮ್ಮ ಮನೆಯವರನ್ನೂ ಕರೆದುಕೊಂಡು ಬಂದಿದ್ದರು. ಆ ಅಮ್ಮ ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಐದೂ ತಗಡು ನೋಡಿ, "ಮೂರನೇದು" ಅಂದರು. ಬಾನೆಟ್ ಮೇಲಿಟ್ಟು ನೋಡಿದರೆ ಅದೇ ಹತ್ತಿರ ಇತ್ತು. ಮಿಕ್ಕ ನಾಲ್ಕನ್ನು ಬದಿಗಿಟ್ಟೆವು.

ಅವತ್ತಿನಿಂದ ಕಾರ್ಡ್‌ನಲ್ಲಿ "ಏನು ಮಾಡಬೇಕು" ಅನ್ನುವುದರ ಕೆಳಗೆ "ಏನು ಮುಟ್ಟಬಾರದು" ಅಂತ ಒಂದು ಸಾಲು ಇದೆ. ಹೊಸ ಗಾಡಿಯವರಿಗೂ ಕೇಳುತ್ತೇನೆ. ಮೊದಲು ಸುಮ್ನೆ ನಗುತ್ತಾರೆ, ಆಮೇಲೆ ಯೋಚನೆ ಮಾಡುತ್ತಾರೆ. ಒಬ್ಬರು ಡ್ಯಾಶ್‌ಬೋರ್ಡ್ ಮೇಲೆ ಗಣೇಶ ಇದ್ದ ಕಡೆಯ ಅಂಟಿನ ಗುರುತು ಒರೆಸಬೇಡಿ ಅಂದರು, ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕಂತೆ. ಹಳೆ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ, ಅಂದರೆ ಹೊಸ ಥರದ ಸುರಕ್ಷತಾ ನಂಬರ್ ಪ್ಲೇಟ್, ಕಡ್ಡಾಯ ಮಾಡಿದಾಗ, ಬಿಚ್ಚಿದ ನಂಬರ್ ಪ್ಲೇಟನ್ನು ಪೇಪರ್‌ನಲ್ಲಿ ಸುತ್ತಿ ಮನೆಗೆ ಒಯ್ದವರನ್ನು ನಾನೇ ನೋಡಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಸೋಲುವುದಿಲ್ಲ. ಬ್ರೇಕ್, ಟೈರ್, ಸೀಟ್ ಬೆಲ್ಟ್, ತುಕ್ಕು ಹಿಡಿದ ಫ್ಲೋರ್. ಇದನ್ನು ಹಾಗೇ ಬಿಡಿ ಅಂದರೆ ಗಾಡಿಯನ್ನೇ ತೆಗೆದುಕೊಳ್ಳುವುದಿಲ್ಲ. ಗಾಡಿ ಮೇಲೆ ಪ್ರೀತಿ ಇದ್ದವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವೂ ಅಲ್ಲ.

ಜನ ಗಾಡಿಯನ್ನು ಇಂಥ ಸಣ್ಣ ಗುರುತುಗಳಿಂದಲೇ ನೆನಪಿಟ್ಟುಕೊಳ್ಳುತ್ತಾರೆ ಅನ್ನುವ ಗುಟ್ಟು ಕಾರು ಡಿಸೈನ್ ಮಾಡುವವರಿಗೂ ಗೊತ್ತಿದೆ ಅನಿಸುತ್ತದೆ. 1991ರ ಟಾಟಾ ಸಿಯೆರಾಗೆ ಹಿಂಭಾಗದ ಎರಡೂ ಪಕ್ಕದಲ್ಲಿ ಚಾವಣಿವರೆಗೆ ಬಾಗಿದ ದೊಡ್ಡ ಗಾಜಿತ್ತು. 2025ರಲ್ಲಿ ಅದೇ ಹೆಸರಿನ ಹೊಸ ಗಾಡಿ ಬಂದಾಗ ಎಲ್ಲ ಹೊಸದು, ಆದರೆ ಆ ಗಾಜಿನ ನೆನಪು ಬರುವ ಹಾಗೆ ಮಾಡಿದ್ದರು. ಮಾರುತಿ 800ರ ಮೊದಲ ಕೀಯನ್ನು 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ದೆಹಲಿಯ ಹರ್ಪಾಲ್ ಸಿಂಗ್ ಅವರಿಗೆ ಕೊಟ್ಟಿದ್ದರು. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಗಾಡಿ ಮಾರಲಿಲ್ಲ. ಅಂಥ ಗಾಡಿ ಕೆಲಸಕ್ಕೆ ಬಂದರೆ ಮೊದಲು ಏನು ಕೇಳಬೇಕು ಅಂತ ಈಗ ನನಗೆ ಗೊತ್ತು.

ಮೂರನೇ ತಗಡು ಇನ್ನೂ ನಮ್ಮ ಪೇಂಟ್ ರೂಮಿನ ಗೋಡೆಯಲ್ಲಿ ನೇತಾಡುತ್ತಿದೆ. ಮಿಶ್ರಣದ ಲೆಕ್ಕವನ್ನು ಚಾಚಾ ಅದರ ಹಿಂದೆ ಬರೆದಿಟ್ಟಿದ್ದಾರೆ. ಹೋದ ವರ್ಷ ಗೇಟಿಗೆ ತಾಗಿ ಆ ಫಿಯೆಟ್‌ನ ಹಿಂದಿನ ಬಾಗಿಲು ಗೀರಿತ್ತು. ಈ ಸಲ ಅಮ್ಮನೇ ಡ್ರೈವರ್ ಜೊತೆ ಬಂದಿದ್ದರು. ಕಾರ್ಡ್ ಬರೆಯುತ್ತಾ ಆ ಸಾಲಿಗೆ ಬಂದಾಗ ಕೇಳಿದೆ: "ಅಮ್ಮಾ, ಏನಾದರೂ ಮುಟ್ಟಬಾರದು ಅಂತ ಇದೆಯಾ?"

ಅವರು ಅಂಗಳದಲ್ಲಿ ನಿಂತಿದ್ದ ಗಾಡಿ ನೋಡಿದರು. "ಏನೂ ಇಲ್ಲಪ್ಪಾ. ಕೆಲಸ ಆಗೋವರೆಗೂ ಸ್ವಲ್ಪ ನೆರಳಲ್ಲಿ ನಿಲ್ಲಿಸಿ."