ಆ ಒಂದು ‘ಟಿಣ್’ ಸದ್ದು

ಹೋದ ವರ್ಷ ನವೆಂಬರ್ ಮೊದಲ ವಾರ. ಇನ್ನೂ ಕತ್ತಲು. ಅಮೆರಿಕದ ಮಿಶಿಗನ್‌ನ ವಾಟರ್‌ಲೂ ಕಾಡಿನಲ್ಲಿ ಜಿಂಕೆ ಬೇಟೆಗೆಂದು ಒಂದು ಓಕ್ ಮರಕ್ಕೆ ಮೂರನೇ ಕ್ಲೈಂಬಿಂಗ್ ಸ್ಟಿಕ್ (ಮರ ಹತ್ತಲು ಕಾಂಡಕ್ಕೆ ಪಟ್ಟಿಯಿಂದ ಬಿಗಿಯುವ, ಮೆಟ್ಟಿಲಿರುವ ಕೋಲು) ಕಟ್ಟುತ್ತಿದ್ದೆ. ಚಳಿಗೆ ಬೆರಳು ಮರಗಟ್ಟಿತ್ತು. ಪಟ್ಟಿಯ ಬಕಲ್ ಕೈಜಾರಿ ಅಲ್ಯೂಮಿನಿಯಂ ಕೊಳವೆಗೆ ಬಡಿಯಿತು. ಟಿಣ್!

ಅಷ್ಟೇ. ಕೆಳಗೆ ಪೊದೆಯೊಳಗಿಂದ ‘ಫೂಸ್’ ಎಂದು ಜೋರಾಗಿ ಉಸಿರು ಬಿಟ್ಟ ಸದ್ದು ಬಂತು. ಒಣಗಿದ ಎಲೆಗಳ ಮೇಲೆ ನಾಲ್ಕು ನೆಗೆತ. ಟಾರ್ಚಿನ ಕೆಂಪು ಬೆಳಕಿನ ಅಂಚಿನಲ್ಲಿ ಎತ್ತಿದ ಬಿಳಿ ಬಾಲ ಒಂದು ಕ್ಷಣ ಕಂಡು ಮಾಯವಾಯಿತು. ಆ ದಿನ ಮಧ್ಯಾಹ್ನದವರೆಗೆ ಕೂತೆ. ಒಂದು ಜಿಂಕೆಯೂ ಆ ಕಡೆ ಸುಳಿಯಲಿಲ್ಲ.

ನಮ್ಮ ಊರು ಮಲೆನಾಡು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಎಂಬುದು ನಮ್ಮ ಮನೆಯಲ್ಲಿ ಬರೀ ಮಾತಾಗಿ ಉಳಿದಿತ್ತು. ಅಜ್ಜ ಮರಸು ಕೂತ ರಾತ್ರಿಗಳ ಬಗ್ಗೆ ಹೇಳುತ್ತಿದ್ದರು. ಇಲ್ಲಿ ಮಿಶಿಗನ್‌ನಲ್ಲಿ ಲೆಕ್ಕವೇ ಬೇರೆ. ತರಗತಿಗೆ ಹೋಗಿ ಪರೀಕ್ಷೆ ಪಾಸಾಗಬೇಕು, ಲೈಸೆನ್ಸ್ ತಗೋಬೇಕು. ಬಿಲ್ಲಿನ ಬೇಟೆ ಅಕ್ಟೋಬರ್ 1ಕ್ಕೆ ಶುರು. ಸರ್ಕಾರಿ ಕಾಡಿನಲ್ಲಿ ಮರಕ್ಕೆ ತಿರುಪಿನ ಮೆಟ್ಟಿಲು ಕೊರೆಯುವಂತಿಲ್ಲ, ತೊಗಟೆಯ ಒಳಪದರಕ್ಕೆ ಗಾಯವಾಗುತ್ತದೆ. ಹಾಗಾಗಿ ಪಟ್ಟಿಯಲ್ಲಿ ಬಿಗಿಯುವ ಸ್ಟಿಕ್‌ಗಳೇ ಗತಿ. ನನ್ನವು ನಾಲ್ಕು, ಒಂದೊಂದೂ ಎರಡೂಮುಕ್ಕಾಲು ಅಡಿ ಉದ್ದ. ನಡುವೆ ಜಾಗ ಬಿಟ್ಟು ಒಂದರ ಮೇಲೊಂದು ಕಟ್ಟಿದರೆ ಹದಿನೈದು ಅಡಿ ಮೇಲೆ ಹೋಗಬಹುದು.

ಅಜ್ಜನ ಅಟ್ಟಣೆ ಬಿದಿರು, ಬಳ್ಳಿ, ಹಗ್ಗದ್ದು. ಅದು ಸದ್ದು ಮಾಡಿದರೂ ಕಾಡಿನದೇ ಸದ್ದು, ಕೊಂಬೆ ಕೊಂಬೆಗೆ ತಿಕ್ಕಿದಂತೆ. ಕಾಡಿನಲ್ಲಿ ಕೊಂಬೆ ಮುರಿಯುತ್ತದೆ, ಕಾಯಿ ಉದುರುತ್ತದೆ, ಅಳಿಲು ಎಲೆ ಕೆದಕುತ್ತದೆ. ಇದಕ್ಕೆಲ್ಲ ಜಿಂಕೆ ಕಿವಿಯಾಡಿಸಿ ಸುಮ್ಮನಾಗುತ್ತದೆ. ಲೋಹಕ್ಕೆ ಲೋಹ ತಾಗುವ ಸದ್ದು ಮಾತ್ರ ಕಾಡಿನದಲ್ಲ. ಅದೂ ಏರಿದ ಸ್ವರದ, ಕೀರಲು ಸದ್ದು. ನಮ್ಮ ಕಿವಿಗೆ ನಿಲುಕದಷ್ಟು ಏರಿದ ಸ್ವರದ ಸದ್ದನ್ನೂ ಜಿಂಕೆ ಕೇಳಬಲ್ಲದು. ಜೊತೆಗೆ ಎರಡು ಕಿವಿಯನ್ನೂ ಬೇರೆ ಬೇರೆ ಕಡೆ ತಿರುಗಿಸಬಲ್ಲದು.

ಈ ವರ್ಷ ಆಗಸ್ಟ್‌ನಲ್ಲಿ ನಾಲ್ಕೂ ಸ್ಟಿಕ್‌ಗಳನ್ನು ಗ್ಯಾರೇಜಿನ ನೆಲದ ಮೇಲೆ ಹರಡಿದೆ. ಮೊದಲು ಏನೂ ಅಂಟಿಸಲಿಲ್ಲ. ಒಂದೊಂದನ್ನೇ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ, ಬೆರಳಿನಿಂದ ತಟ್ಟಿದೆ. ಸದ್ದು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗದೆ ಟೇಪು ಸುತ್ತಿದರೆ ಏನು ಬಂತು ಅಲ್ವಾ? ಟೊಳ್ಳು ಕೊಳವೆ ತಟ್ಟಿದರೆ ಗಂಟೆಯ ಹಾಗೆ ಮೊಳಗುತ್ತಿತ್ತು. ಮಡಚುವ ಮೆಟ್ಟಿಲಿನ ಬೋಲ್ಟ್ ಹತ್ತಿರ ಕಿರ್ ಅನ್ನುತ್ತಿತ್ತು. ಬಕಲ್ ಎಲ್ಲಿ ತಾಗಿದರೂ ಟಿಣ್. ಎಲ್ಲಕ್ಕಿಂತ ಜಾಸ್ತಿ ಗಲಾಟೆ ನಾಲ್ಕನ್ನೂ ಒಟ್ಟಿಗೆ ಬೆನ್ನಿಗೆ ಹಾಕಿಕೊಂಡು ನಡೆದಾಗ.

ಕೊಳವೆಯೊಳಗೆ ಫೋಮ್ ತುಂಡುಗಳನ್ನು ಕಡ್ಡಿಯಿಂದ ಒತ್ತಿ ತುಂಬಿದೆ. ಮೊಳಗು ನಿಂತಿತು, ಈಗ ತಟ್ಟಿದರೆ ‘ಡಬ್’ ಅಷ್ಟೇ. ಬೋಲ್ಟ್‌ಗಳಿಗೆ ನೈಲಾನ್ ವಾಷರ್ ಹಾಕಿದೆ. ಬಕಲ್ ಮೇಲೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ತೊಡಿಸಿದೆ. ಬಕಲ್ ಪಟ್ಟಿ ಕಚ್ಚುವ ಜಾಗಕ್ಕೆ ಮಾತ್ರ ರಬ್ಬರ್ ಹೋಗದ ಹಾಗೆ ನೋಡಿಕೊಂಡೆ. ಪಟ್ಟಿಯನ್ನಂತೂ ಮುಟ್ಟಲಿಲ್ಲ. ಪಟ್ಟಿ ತೆಗೆದು ಹಗ್ಗ ಹಾಕುವವರು ಇದ್ದಾರೆ, ಆದರೆ ನನ್ನ ಭಾರ ಹೊರುವ ವಸ್ತುವನ್ನು ಗ್ಯಾರೇಜಿನಲ್ಲಿ ಕೂತು ಬದಲಾಯಿಸುವುದು ನನಗೆ ಒಪ್ಪಿಗೆಯಿಲ್ಲ. ಕೊಳವೆಗೆ ಹೊಸ ತೂತು ಕೊರೆಯುವುದೂ ಅಷ್ಟೇ.

ಬಣ್ಣಕ್ಕೆ ಹೆಚ್ಚು ದಿನ ಹಿಡಿಯಿತು. ಅಲ್ಯೂಮಿನಿಯಂ ಮೇಲೆ ನೇರ ಬಣ್ಣ ಹೊಡೆದರೆ ಸಿಪ್ಪೆಯ ಹಾಗೆ ಏಳುತ್ತದೆ. ಜಿಡ್ಡು ತೊಳೆದು, ಉಪ್ಪು ಕಾಗದ ಹಾಕಿ ಉಜ್ಜಿ, ಲೋಹಕ್ಕೆ ಕಚ್ಚುವ ಪ್ರೈಮರ್ ಹೊಡೆದೆ. ಅದರ ಮೇಲೆ ಹೊಳಪಿಲ್ಲದ ಬೂದು. ಆಮೇಲೆ ಸ್ಪಂಜಿನಿಂದ ಕಂದು, ಕಪ್ಪು, ಅಲ್ಲಲ್ಲಿ ತಿಳಿ ಬೂದು ಒತ್ತಿದೆ. ಒಂದೇ ಸಮ ಆಗಬಾರದು. ಓಕ್ ತೊಗಟೆಯಲ್ಲಿ ಉದ್ದುದ್ದ ಬಿರುಕುಗಳಿರುತ್ತವೆ, ಹಾಗೇ ಉದ್ದಕ್ಕೆ ಎಳೆದೆ. ಬಣ್ಣದಲ್ಲಿರುವ ದ್ರಾವಕ ಪಟ್ಟಿಯನ್ನು ಹಾಳು ಮಾಡಬಹುದು ಅಂತ ಎಲ್ಲ ಪಟ್ಟಿಗಳನ್ನೂ ಮೊದಲೇ ಬಿಚ್ಚಿಟ್ಟಿದ್ದೆ.

ಜಿಂಕೆಗೆ ನಮ್ಮಷ್ಟು ಬಣ್ಣ ಕಾಣುವುದಿಲ್ಲ. ಕೆಂಪು, ಕಿತ್ತಳೆ ಅದಕ್ಕೆ ಬೇರೆಯಾಗಿ ತೋರುವುದಿಲ್ಲ, ನೀಲಿ ಚೆನ್ನಾಗಿ ತೋರುತ್ತದೆ. ಹಾಗಾಗಿ ಕಪ್ಪು, ಬಿಳುಪು, ಹೊಳಪು ಇವೇ ಮುಖ್ಯ. ಸ್ಟಿಕ್‌ಗಳನ್ನು ಹಿತ್ತಲಿನ ಮರಕ್ಕೆ ಕಟ್ಟಿ, ಫೋನಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿದೆ. ಮೊದಲು ಕಾಂಡದ ಮೇಲೆ ಕಪ್ಪು ಏಣಿ ಬರೆದಂತೆ ಕಾಣುತ್ತಿದ್ದದ್ದು ಈಗ ತೊಗಟೆಯೊಳಗೆ ಕರಗಿತ್ತು. ಆದರೂ ಕೈಯಲ್ಲಿ ಒಂದೇ ದಿನ ಇದ್ದರೆ ನಾನು ಬಣ್ಣ ಬಿಟ್ಟು ಸದ್ದಿನ ಕೆಲಸವನ್ನೇ ಮಾಡುತ್ತೇನೆ.

ಬಣ್ಣದ ಮೇಲೆ, ಒಂದಕ್ಕೊಂದು ತಾಗುವ ಕಡೆಗೆಲ್ಲ ದಪ್ಪ ಫೆಲ್ಟ್ ಬಟ್ಟೆ ಅಂಟಿಸಿದೆ. ಕಾಲಿಡುವ ಮೆಟ್ಟಿಲಿಗೂ ಅಂಟಿಸಿದೆ. ಅಲ್ಲೇ ತಪ್ಪಾಯಿತು. ಮಾರನೇ ದಿನ ಮಳೆ ಬಂತು. ನೆನೆದ ಫೆಲ್ಟ್ ಮೇಲೆ ಬೂಟು ಇಟ್ಟೆ, ಕಾಲು ಸರ್ ಎಂದು ಜಾರಿ ಮೊಣಕಾಲು ಕೊಳವೆಗೆ ಬಡಿಯಿತು. ನೆಲದಿಂದ ಒಂದಡಿ ಮೇಲಿದ್ದೆ, ಸರಿಹೋಯಿತು. ಇದೇ ಥರ ನವೆಂಬರ್‌ನಲ್ಲಿ, ಹದಿನೈದು ಅಡಿ ಮೇಲೆ, ನೀರು ಹೆಪ್ಪುಗಟ್ಟಿದಾಗ ಆಗಿದ್ದರೆ? ಹತ್ತುವಾಗ ಸೊಂಟದ ಹಗ್ಗ, ಮೈಗೆ ಹಾರ್ನೆಸ್ ಯಾವತ್ತೂ ಬಿಡುವುದಿಲ್ಲ. ಆದರೂ ಅವತ್ತು ರಾತ್ರಿ ಅದೇ ಯೋಚನೆ. ಬೆಳಗ್ಗೆ ಎದ್ದು ಮೆಟ್ಟಿಲುಗಳ ಫೆಲ್ಟ್ ಪೂರ್ತಿ ಕಿತ್ತು, ಸಣ್ಣ ನೈಲಾನ್ ಹಗ್ಗವನ್ನು ಒತ್ತೊತ್ತಾಗಿ ಬಿಗಿದು ಸುತ್ತಿದೆ. ಹಗ್ಗದ ಉಬ್ಬುಗಳಿಗೆ ಬೂಟು ಕಚ್ಚುತ್ತದೆ, ಮಣ್ಣು ಮೆತ್ತಿದ ಅಟ್ಟೆ ಲೋಹಕ್ಕೆ ಉಜ್ಜುವ ಸದ್ದೂ ಇಲ್ಲ.

ಪರೀಕ್ಷೆ ಮಾಡಿದ್ದು ಒಂಬತ್ತು ವರ್ಷದ ಮಗಳು. ಮಕ್ಕಳ ಕಿವಿ ಕೀರಲು ಸದ್ದಿಗೆ ನಮಗಿಂತ ಚುರುಕು. ಅವಳನ್ನು ಮರದಿಂದ 30 ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿದೆ. ಸದ್ದು ಕೇಳಿದಾಗೆಲ್ಲ ಕೈ ಎತ್ತಬೇಕು. ಮೊದಲ ಸಲ ಏಳು ಸಲ ಎತ್ತಿದಳು.

“ಅಪ್ಪಾ, ಪರ್ ಪರ್ ಅನ್ನುತ್ತೆ.”

ಬ್ಯಾಗಿನ ವೆಲ್ಕ್ರೋ! ಅದು ನನ್ನ ತಲೆಗೇ ಬಂದಿರಲಿಲ್ಲ. ವೆಲ್ಕ್ರೋ ಕತ್ತರಿಸಿ ಗುಂಡಿ ಹೊಲಿದೆ. ನಾಲ್ಕನೇ ಸಂಜೆ ಒಂದು ಸಲವೂ ಕೈ ಎತ್ತಲಿಲ್ಲ. “ಶುರು ಮಾಡಪ್ಪಾ” ಅಂದಳು. ನಾನಾಗಲೇ ಮೇಲಿದ್ದೆ.

ಆಮೇಲೆ ಬಣ್ಣ, ಅಂಟಿನ ವಾಸನೆ ಹೋಗಲಿ ಅಂತ ಮೂರು ವಾರ ಎಲ್ಲವನ್ನೂ ಹಿತ್ತಲಿನ ಪೈನ್ ಮರದ ಕೆಳಗೆ ನೇತುಹಾಕಿದೆ.

ಅಕ್ಟೋಬರ್ ನಡುವಿನ ಒಂದು ಶನಿವಾರ. ಗಾಳಿಯೇ ಇಲ್ಲದ ಬೆಳಗು. ಇಂಥ ದಿನ ಸದ್ದು ಬಹಳ ದೂರ ಹೋಗುತ್ತದೆ. ಆರು ಗಂಟೆಗೆ ಮರದ ಬುಡದಲ್ಲಿದ್ದೆ. ಒಂದು, ಎರಡು, ಮೂರು, ನಾಲ್ಕು. ಪಟ್ಟಿ ಬಿಗಿಯುವಾಗ ಬಟ್ಟೆ ಎಳೆದಂಥ ಸದ್ದು ಬಿಟ್ಟರೆ ಏನೂ ಇಲ್ಲ. ಮೇಲೆ ಕೂತು, ಹಗ್ಗದಲ್ಲಿ ಬಿಲ್ಲು ಎಳೆದುಕೊಂಡೆ.

ಏಳೂಕಾಲರ ಹೊತ್ತಿಗೆ ಕತ್ತಲು ಬೂದುಬಣ್ಣಕ್ಕೆ ತಿರುಗಿತು. ಬಿದ್ದ ಮರವೊಂದರ ಪಕ್ಕ ಎಲೆರಾಶಿ ಅಂದುಕೊಂಡಿದ್ದದ್ದು ಕಿವಿ ಆಡಿಸಿತು. ಹೆಣ್ಣು ಜಿಂಕೆ. ಮಲಗಿತ್ತು. ನಾನು ನಡೆದು ಬಂದಾಗ, ಸ್ಟಿಕ್ ಕಟ್ಟಿದಾಗ, ಹತ್ತಿದಾಗ ಎಲ್ಲ ಅಲ್ಲೇ ಇತ್ತು. ನಿಧಾನವಾಗಿ ಎದ್ದು ಬೆನ್ನು ನೀಡಿಸಿತು. ಅದರ ಹಿಂದೆ ಎರಡು ಮರಿಗಳೂ ಎದ್ದವು. ಮೂರೂ ನನ್ನ ಮರದ ಹತ್ತಿರವೇ ಓಕ್ ಕಾಯಿ ಮೆಲ್ಲುತ್ತಾ ಹೋದವು. ಮರಿಗಳು ಜೊತೆಗಿರುವ ತಾಯಿಗೆ ನಾನು ಬಾಣ ಬಿಡುವುದಿಲ್ಲ. ಉಸಿರು ಬಿಗಿಹಿಡಿದು ನೋಡುತ್ತಾ ಕೂತೆ.

ಹತ್ತು ಗಂಟೆಗೆ ಇಳಿದು ಸ್ಟಿಕ್‌ಗಳನ್ನು ಬಿಚ್ಚಿ, ಅದು ಮಲಗಿದ್ದ ಜಾಗಕ್ಕೆ ಹೋದೆ. ಎಲೆಗಳು ಒತ್ತಿ ಮೊರದಾಕಾರದ ತಗ್ಗಾಗಿತ್ತು, ಪಕ್ಕದಲ್ಲಿ ಎರಡು ಸಣ್ಣವು. ಅಲ್ಲಿಂದ ಮರದವರೆಗೆ ಎಣಿಸುತ್ತಾ ನಡೆದೆ. 26 ಹೆಜ್ಜೆ.